ನಾಲ್ಕು ಜಿಬಿ ಎಂದು ಬರೆದಿತ್ತು

ಅಣ್ಣಮ್ಮನ ಗಂಟಲಿನಲ್ಲಿರುವುದು ಬರೀ ಕೆರೆತವಲ್ಲ, ಕ್ಯಾನ್ಸರ್ ಎಂದು ಮಂಗಳೂರಿನ ಡಾಕ್ಟರು ಹೇಳಿದ ದಿನದಿಂದ ಮಗಳು ರಂಜಿತಾಳಿಗೆ ಅನ್ನ ಇಳಿಯುತ್ತಿರಲಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯಬಹುದು, ದನಿ ಮಾತ್ರ ಮೊದಲಿನಂತೆ ಇರುವುದಿಲ್ಲ ಎಂದಿದ್ದರು ಅವರು.

ಅಣ್ಣಮ್ಮ ಕಳಸದ ಹತ್ತಿರದ ಎಸ್ಟೇಟೊಂದರಲ್ಲಿ ಚಿಕ್ಕಂದಿನಿಂದ ಕಾಫಿ ಹಣ್ಣು ಕೊಯ್ದವಳು. ಸಂಜೆ ತೂಕಕ್ಕೆ ಬನ್ನಿ ಎಂದು ಅವಳು ಕೂಗಿದರೆ ಹಳ್ಳದ ಆಚೆಯ ಹೆಂಗಸರೂ ಚೀಲ ಹೊತ್ತು ಹೊರಡುತ್ತಿದ್ದರು. ಕೂಲಿಯವರ ಮನೆಗಳಿದ್ದ ಲೈನಿನಲ್ಲಿ ಯಾರ ಮದುವೆಯಾದರೂ ಸೋಬಾನೆ ಹೇಳಲು ಅವಳೇ ಬೇಕು. ಈಗ ರಂಜಿತಾಳದೇ ಮದುವೆ ಗೊತ್ತಾಗಿತ್ತು. ‘ಮಗಳ ಹಸೆಗೆ ಹಾಡೋಕಾಗದಿದ್ರೆ ಈ ಜೀವ ಇದ್ದು ಎಂತ ಮಾಡೋದು? ನಾ ಆಪರೇಷನ್ನಿಗೆ ಬರಲ್ಲ’ ಎಂದು ಅವಳು ಹಟ ಹಿಡಿದಳು.

ಆಗ ಮಗ ಯೋಗೇಶ್ ಒಂದು ಉಪಾಯ ಕಂಡುಕೊಂಡ. ಅವನು ಬಾಳೆಹೊಳೆ ದಾರಿಯಲ್ಲಿ ಜೀಪು ಓಡಿಸುತ್ತಿದ್ದವನು. ಚಿಕ್ಕಮಗಳೂರಿಗೆ ಹೋದವನು ಬೆರಳುದ್ದದ ಎಂಪಿತ್ರೀ ಪ್ಲೇಯರ್ ತಂದ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ನಾಲ್ಕು ಜಿಬಿ ಎಂದು ಬರೆದಿತ್ತು. ಒಂದು ಗುಂಡಿ ಒತ್ತಿದರೆ ಮಾತು ರೆಕಾರ್ಡ್ ಆಗುತ್ತಿತ್ತು.

‘ಅಂಗಡಿಯವ ಒಂದಷ್ಟು ಹಾಡು ತುಂಬ್ಸಿ ಕೊಟ್ಟಿದಾನೆ ಅಕ್ಕ. ಆದ್ರೂ ಮುಕ್ಕಾಲಕ್ಕಿಂತ ಜಾಸ್ತಿ ಖಾಲಿ ಅದೆ. ಅವ್ವ ತಿಂಗಳುಗಟ್ಲೆ ಹಾಡಿದ್ರೂ ತುಂಬಲ್ಲ’ ಎಂದ.

ಅಣ್ಣಮ್ಮ ಆ ಪುಟ್ಟ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಪ್ರತಿದಿನ ಕೆಲಸ ಮುಗಿದ ಮೇಲೆ ಒಡಕು ದನಿಯಲ್ಲೇ ಒಂದೊಂದು ಹಾಡು ಹೇಳಿದಳು. ಎಣ್ಣೆಶಾಸ್ತ್ರದ್ದು, ಹಸೆಗೆ ಕರೆಯುವುದು, ಹೆಣ್ಣು ಒಪ್ಪಿಸುವುದು. ನಡುವೆ ಕೆಮ್ಮು ಬಂದರೆ ನೀರು ಕುಡಿದು ಮುಂದುವರಿಸುತ್ತಿದ್ದಳು. ರಂಜಿತಾ ಒಮ್ಮೆ ಹಾಕಿ ಕೇಳಲು ಹೋದಾಗ ಕೈ ಹಿಡಿದು ತಡೆದಳು.

‘ಬೇಡ ಮಗಾ. ನನ್ನ ಈ ದನಿ ನಂಗೇ ಕೇಳೋಕಾಗಲ್ಲ. ಎಲ್ಲ ಮುಗಿದ್ಮೇಲೆ ಕೇಳ್ಕೊ.’

ಪ್ರತಿಸಲ ಸಣ್ಣ ಪರದೆಯ ಮೇಲೆ ಹೊಸದೊಂದು ಹೆಸರು ಮೂಡುತ್ತಿತ್ತು, ಎಷ್ಟು ನಿಮಿಷದ್ದೆಂದೂ ತೋರಿಸುತ್ತಿತ್ತು. ರಂಜಿತಾಳಿಗೆ ಅಷ್ಟು ಸಾಕಾಗಿತ್ತು. ಒಂದು ದಿನ ಅಣ್ಣಮ್ಮ ತಾನಾಗಿಯೇ, ‘ದನಿ ಅದ್ರಾಗೆ ಅದೆಯಲ್ಲ, ಇನ್ನು ಕೊಯ್ದ್ರೆ ಕೊಯ್ಲಿ ಬಿಡು’ ಎಂದು ಆಪರೇಷನ್ನಿಗೆ ಒಪ್ಪಿದಳು. ಅಷ್ಟರಲ್ಲಿ ಅವಳ ದನಿ ಪಿಸುಮಾತಿನಷ್ಟಕ್ಕೆ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಸೀಟಿ ಹೊಡೆದಂತೆ ಸದ್ದು ಮಾಡುತ್ತಿತ್ತು. ಇನ್ನು ಹಾಡುವುದಂತೂ ಆಗದ ಮಾತು.

ಮಂಗಳೂರಿಗೆ ಹೊರಡುವ ಹಿಂದಿನ ದಿನ ರಂಜಿತಾ ಪ್ಲೇಯರನ್ನು ಹಿಡಿದು ಕಳಸ ಪೇಟೆಗೆ ಹೋದಳು. ಅಲ್ಲಿ ಶಶಿಧರ್ ಎಂಬವನು ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಆಸ್ಪತ್ರೆಯಲ್ಲಿ ಪ್ಲೇಯರ್ ಕಳೆದುಹೋದರೆ ಎಂಬ ಹೆದರಿಕೆಗೆ ಹಾಡುಗಳನ್ನು ಒಂದು ಸಿಡಿಗೆ ಹಾಕಿಸಬೇಕೆಂದಿದ್ದಳು.

ಶಶಿಧರ್ ಪ್ಲೇಯರನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯ ಮೇಲೆ ಎಲ್ಲ ಹೆಸರುಗಳೂ ಬಂದವು. ಮೊದಲನೆಯದನ್ನು ಒತ್ತಿದ.

‘ಇದು ಆನ್ ಆಗಿದೆಯೇನೇ?’ ಎಂದಿತು ಅವ್ವನ ದನಿ. ಆಮೇಲೆ ಒಂದು ಕೆಮ್ಮು, ಹಾಡಿನ ಮೊದಲ ಸಾಲು. ಎರಡನೆಯ ಸಾಲಿನ ನಡುವೆ ದನಿ ಫಕ್ಕನೆ ನಿಂತು ಕರ್‍ರ್ ಎಂಬ ಸದ್ದು ಶುರುವಾಯಿತು. ಅವನು ಮುಂದಿನದನ್ನು ಒತ್ತಿದ. ಅದೇ ಸದ್ದು. ಅದರ ಮುಂದಿನದರಲ್ಲಿ ಆ ಸದ್ದೂ ಇಲ್ಲ.

‘ಶಶಿಯಣ್ಣ, ನಿಮ್ಮ ಸ್ಪೀಕರ್ ಹಾಳಾಗಿದೆಯಾ?’

ಅವನು ಒಂದೊಂದನ್ನೇ ಒತ್ತುತ್ತ ಹೋದ. ಚಿಕ್ಕಮಗಳೂರಿನ ಅಂಗಡಿಯವನು ತುಂಬಿಸಿದ್ದ ಸಿನಿಮಾ ಹಾಡುಗಳೆಲ್ಲ ಚೆನ್ನಾಗಿ ಕೇಳಿಸುತ್ತಿದ್ದವು. ಅವ್ವನ ಹಾಡುಗಳು ಮಾತ್ರ ಇರಲಿಲ್ಲ. ಶಶಿಧರ್ ತನ್ನ ಕಂಪ್ಯೂಟರಿನಿಂದ ಬೇರೇನನ್ನೋ ಅದಕ್ಕೆ ತುಂಬಿಸಿ, ಮತ್ತೆ ತೆಗೆದು ನೋಡಿ, ಕುರ್ಚಿ ತಿರುಗಿಸಿ ಕೂತ.

‘ನಾಲ್ಕು ಜಿಬಿ ಅಂತ ಬರ್ದಿದ್ದು ಕಂಪ್ಯೂಟರಲ್ಲಿ ಸ್ವಲ್ಪ ಕಮ್ಮಿ ಕಾಣ್ಸೋದು ಇದ್ದದ್ದೇ. ಕಂಪನಿಯವ್ರು ಎಣಿಸೋದು ಒಂದು ಥರ, ಕಂಪ್ಯೂಟರ್ ಎಣಿಸೋದು ಒಂದು ಥರ. ಇದು ಹಂಗಲ್ಲ ಮಾರಾಯ್ತಿ. ಇದು ಮೋಸದ ಮಾಲು. ಒಳಗಿರೋ ಚಿಪ್ ಅರ್ಧ ಜಿಬಿದು. ಕಂಪ್ಯೂಟರ್ ಕೇಳಿದ್ರೆ ನಾಲ್ಕು ಅಂತ ಸುಳ್ಳು ಹೇಳೋ ಹಂಗೆ ಮಾಡಿದಾರೆ. ಇರೋ ಜಾಗಾನೆಲ್ಲ ಆ ಸಿನಿಮಾ ಹಾಡೇ ತುಂಬ್ಕೊಂಡಿದ್ವು.’

‘ಹೆಸ್ರೆಲ್ಲ ಅದೆಯಲ್ಲ ಮತ್ತೆ?’

‘ಹೆಸ್ರು ಬರ್ಕೊಳ್ಳೋಕೆ ಜಾಗ ಇತ್ತು. ದನಿ ಇಟ್ಕೊಳ್ಳೋಕೆ ಇರ್ಲಿಲ್ಲ.’

‘ಹೆಂಗಾದ್ರೂ ಮಾಡಿ ತೆಗೀರಿ ಅಣ್ಣ.’

‘ಅಳಿಸಿ ಹೋಗಿದ್ರೆ ಹುಡುಕಬಹುದಿತ್ತು. ಅದು ಬರ್ದೇ ಇಲ್ಲ, ಎಲ್ಲಿಂದ ತೆಗೀಲಿ?’

ಹಾಡು ಹೋಯಿತೆಂಬುದಕ್ಕಿಂತ ದೊಡ್ಡ ಹೆದರಿಕೆಯೊಂದು ರಂಜಿತಾಳ ಎದೆಯೊಳಗೆ ಎದ್ದಿತು. ದನಿ ಉಳಿದಿದೆ ಎಂಬ ಧೈರ್ಯದ ಮೇಲೆ ತಾನೇ ಅವ್ವ ಆಪರೇಷನ್ನಿಗೆ ಒಪ್ಪಿದ್ದು? ಈಗ ಬರುವುದಿಲ್ಲ ಎಂದುಬಿಟ್ಟರೆ? ಇನ್ನು ತಡ ಮಾಡಿದರೆ ಉಸಿರೇ ಕಟ್ಟಬಹುದು ಎಂದು ಡಾಕ್ಟರು ಎಚ್ಚರಿಸಿದ್ದರು.

ಸಿನಿಮಾ ಹಾಡುಗಳನ್ನೆಲ್ಲ ಅಳಿಸಿಸಿ, ಉಳಿದಿದ್ದ ಆ ಒಂದೂವರೆ ಸಾಲನ್ನು ಸಿಡಿಗೆ ಹಾಕಿಸಿಕೊಂಡು ಅವಳು ಹೊರಗೆ ಬಂದಳು. ಜೀಪಿನ ಹತ್ತಿರ ನಿಂತಿದ್ದ ಯೋಗೇಶನಿಗೆ ವಿಷಯ ಹೇಳಿದಳು.

‘ನಾನೇ ತಂದಿದ್ದು’ ಎಂದ. ‘ಅವ್ವಂಗೆ ಹೇಳ್ಬೇಡ ಅಕ್ಕ. ಹೇಳಿದ್ರೆ ಅವ್ವ ನಾಳೆ ಬಸ್ ಹತ್ತಲ್ಲ.’

ದಾರಿಯುದ್ದಕ್ಕೂ ರಂಜಿತಾ ಸುಳ್ಳು ಹೇಳುವುದನ್ನೇ ಮನಸ್ಸಿನಲ್ಲಿ ಕಲಿತುಕೊಂಡಳು. ಎಲ್ಲ ಚೆನ್ನಾಗಿ ಬಂದಿದೆ ಅವ್ವ, ಸಿಡಿಗೂ ಹಾಕಿಸಿದೆ. ಆದರೆ ಮನೆಯೊಳಗೆ ಕಾಲಿಟ್ಟಾಗ ಸೀರೆ ಮಡಚುತ್ತಿದ್ದ ಅಣ್ಣಮ್ಮ ತಲೆ ಎತ್ತಿ ನೋಡಿದಳು, ನೋಡುತ್ತಲೇ ಇದ್ದಳು.

‘ಎಂತಾಯ್ತೇ?’

ಕಲಿತ ಮಾತು ಬಾಯಿಗೆ ಬರಲಿಲ್ಲ. ರಂಜಿತಾ ಅಲ್ಲೇ ಕೂತು ಎಲ್ಲವನ್ನೂ ಹೇಳಿಬಿಟ್ಟಳು.

‘ಅಷ್ಟೂ ಹೋಯ್ತಾ?’ ಎಂದು ಅಣ್ಣಮ್ಮ ಪಿಸುಗುಟ್ಟಿದಳು. ಮಡಚಿದ ಸೀರೆಯನ್ನು ಚೀಲದಿಂದ ತೆಗೆದು ಪೆಟ್ಟಿಗೆಯ ಮೇಲಿಟ್ಟಳು. ಎದ್ದು ಹೋಗಿ ಹಿತ್ತಲಿನ ಒಲೆಯ ಹತ್ತಿರ ಬೆನ್ನು ಹಾಕಿ ಕೂತಳು. ರಂಜಿತಾಳಿಗೆ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಬಾಗಿಲಿನಲ್ಲಿ ನಿಂತು ಅವ್ವನ ಉಸಿರಿನ ಸೀಟಿಯನ್ನೇ ಕೇಳುತ್ತಿದ್ದಳು. ಅದು ಒಂದು ಗಳಿಗೆ ತಡವಾದರೆ ತನ್ನ ಉಸಿರೂ ನಿಲ್ಲುತ್ತಿತ್ತು. ಬರುವುದಿಲ್ಲ ಎಂದೇ ಹೇಳುತ್ತಾಳೆ, ಇನ್ನೇನು ಹೇಳಿಬಿಡುತ್ತಾಳೆ ಎಂದು ಕಾದಳು.

ಬಹಳ ಹೊತ್ತಿನ ಮೇಲೆ ಅಣ್ಣಮ್ಮ ಕೈಸನ್ನೆ ಮಾಡಿ ಕರೆದಳು.

‘ನಂಗೆ ಹೆದ್ರಿಕೆ ಆಗ್ತದೆ ಮಗಾ. ಹಾಡಿನ ನೆಪ ಹೇಳ್ತಿದ್ದೆ ಅಷ್ಟೇ. ಮಲಗ್ಸಿ ಕೊಯ್ದ್ಮೇಲೆ ಏಳದೇ ಹೋದ್ರೆ ಅಂತ. ಎದ್ರೂ ಮೂಕಿ ಆಗಿ ನಿಮ್ಮನ್ನ ಹೆಂಗೆ ಕರೀಲಿ ಅಂತ.’

‘ನಂಗೂ ಹೆದ್ರಿಕೆ ಅವ್ವ.’

ಇಬ್ಬರೂ ಅತ್ತರು. ಅಳು ನಿಂತ ಮೇಲೆ ಅಣ್ಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ‘ಅದನ್ನ ತಗಂಬಾ. ಈ ಸಲ ನೀ ಹಾಡು’ ಎಂದಳು.

‘ನಂಗೆ ಪೂರ್ತಿ ಬರಲ್ಲವ್ವ.’

‘ಮಾತು ನಾ ಹೇಳ್ತೀನಿ. ರಾಗ ಹುಟ್ಟಿದಾಗಿಂದ ಕೇಳಿದೀಯಲ್ಲ.’

ಅಣ್ಣಮ್ಮ ಒಂದೊಂದೇ ಸಾಲನ್ನು ಪಿಸುಗುಟ್ಟಿದಳು, ರಂಜಿತಾ ನಡುಗುವ ದನಿಯಲ್ಲಿ ಅದನ್ನು ಹಾಡಿದಳು. ತಪ್ಪಿದಾಗ ಅವ್ವ ತೊಡೆಗೆ ತಟ್ಟಿ ನಿಲ್ಲಿಸಿ ಮತ್ತೆ ಹೇಳಿಕೊಟ್ಟಳು. ಪ್ರತಿ ಹಾಡು ಮುಗಿದ ಕೂಡಲೇ ರಂಜಿತಾ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೊನೆಯವರೆಗೂ ಕೇಳಿದಳು. ಗುಂಡಿ ಒತ್ತುವಾಗೆಲ್ಲ ಕರ್‍ರ್ ಎಂಬ ಆ ಸದ್ದೇ ಬಂದೀತೆಂದು ಹೆದರುತ್ತಿದ್ದಳು. ಬರಲಿಲ್ಲ. ಅರ್ಧ ಜಿಬಿಯಲ್ಲಿ ಜಾಗ ಇನ್ನೂ ಬೇಕಾದಷ್ಟು ಮಿಕ್ಕಿತ್ತು. ಕತ್ತಲಾಗುವ ಮುಂಚೆ ಅಣ್ಣಮ್ಮ ಎದ್ದು ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿದಳು.

ಮಾರನೇ ದಿನ ಮೂವರೂ ಬಸ್ ಹತ್ತಿದರು. ಕುದುರೆಮುಖದ ಮುಚ್ಚಿದ ಗಣಿಯ ಖಾಲಿ ಕ್ವಾರ್ಟರ್ಸುಗಳು ಕಿಟಕಿಯಾಚೆ ಸರಿದುಹೋದವು.

ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಅಣ್ಣಮ್ಮ ಮಗಳ ಹೆಸರು ಹಿಡಿದು ಕರೆದಳು. ಅದು ಬರೀ ಗಾಳಿಯಂತಿತ್ತು. ಬಾಗಿಲು ಮುಚ್ಚಿತು. ಯೋಗೇಶ್ ಗೋಡೆಗೆ ಒರಗಿ ನಿಂತವನು ಕೂರಲೇ ಇಲ್ಲ. ಒಳಗಿನಿಂದ ಯಾವ ನರ್ಸ್ ಬಂದರೂ ರಂಜಿತಾ ಅವಳ ಮುಖವನ್ನು ನೋಡಿ ತಕ್ಷಣ ಕಣ್ಣು ತೆಗೆಯುತ್ತಿದ್ದಳು. ಕೊನೆಗೆ ಡಾಕ್ಟರು ಬಂದು, ‘ಗಡ್ಡೆ ಪೂರ್ತಿ ತೆಗೆದಿದ್ದೇವೆ, ಉಸಿರಾಟ ಚೆನ್ನಾಗಿದೆ’ ಎಂದರು. ಅವರು ಏನು ಹೇಳಿದರೆಂದು ರಂಜಿತಾ ತಮ್ಮನನ್ನು ಮತ್ತೊಮ್ಮೆ ಕೇಳಿದಳು.

ಚಿಕ್ಕಮಗಳೂರಿನ ಅಂಗಡಿಯವನು, ಮೋಸದ ಪ್ಲೇಯರ್ ಬಗ್ಗೆ ಕೇಳಲು ಹೋದ ಯೋಗೇಶನಿಗೆ, ‘ನಮಗೆ ಬಂದಂಗೆ ಮಾರಿದೀವಿ’ ಎಂದನಂತೆ. ಮದುವೆ ಒಂದು ತಿಂಗಳು ಮುಂದಕ್ಕೆ ಹೋಯಿತು, ಆದರೆ ನಡೆಯಿತು. ಲೈನಿನ ಹೆಂಗಸರು ಆ ಪ್ಲೇಯರಿನಿಂದ ಸೋಬಾನೆ ಕಲಿತು ಹಾಡಿದರು. ಉಸಿರಾಡಲು ಕತ್ತಿನಲ್ಲಿ ಮಾಡಿದ್ದ ತೂತಿನ ಮೇಲೆ ತೆಳುವಾದ ಬಟ್ಟೆ ಕಟ್ಟಿಕೊಂಡ ಅಣ್ಣಮ್ಮ ಹಸೆಯ ಪಕ್ಕದಲ್ಲೇ ಕೂತು ತುಟಿ ಆಡಿಸುತ್ತಿದ್ದಳು.

ಹೆದರಿಕೆ ಪೂರ್ತಿ ಹೋಯಿತೆಂದು ಹೇಳಲಾಗದು. ಈಗಲೂ ಮಂಗಳೂರಿಗೆ ತೋರಿಸಲು ಹೋಗುವ ಹಿಂದಿನ ದಿನ ತಾಯಿ ಮಗಳು ಇಬ್ಬರಿಗೂ ಊಟ ಸೇರುವುದಿಲ್ಲ. ಹೋದ ಸಲ ಡಾಕ್ಟರು ಇನ್ನು ಆರು ತಿಂಗಳು ಬಿಟ್ಟು ಬಂದರೆ ಸಾಕು ಎಂದರು. ಬಸ್ಸಿನಲ್ಲಿ ಅಣ್ಣಮ್ಮ ಮಗಳ ಹೆಗಲಿಗೆ ತಲೆಯಿಟ್ಟು ಕಳಸ ಬರುವವರೆಗೂ ನಿದ್ದೆ ಮಾಡಿದಳು.