ಪಿತೃಸ್ಥಾನದ ಎಲೆ

ಆದೋನಿಯ ವಸುಧೇಂದ್ರನ ಮನೆಯಲ್ಲಿ ತಂದೆಯ ಶ್ರಾದ್ಧ. ಪಿತೃಸ್ಥಾನದ ಎಲೆಗೆ ಕುಳಿತವರು ಕೌತಾಳಂ ಬಸ್ಸಿಗೆ ಬಂದಿಳಿದ ಗುರುರಾಜಾಚಾರ್ಯರು. ಮಂತ್ರ ಹೇಳಿ ಕೈಗೆ ನೀರು ಬಿಟ್ಟಮೇಲೆ ಊಟ ಮುಗಿಯುವ ತನಕ ಅವರ ಬಾಯಿಗೆ ಬೀಗ. ಆ ಹೊತ್ತು ಉಣ್ಣುವುದು ಅವರಲ್ಲ, ತೀರಿಹೋದ ಯಜಮಾನ. ನಡುವೆ ಮಾತಾಡಿದರೆ ಮಗನ ವರ್ಷದ ಕರ್ಮ ಕೆಟ್ಟಂತೆಯೇ.

ಮಠದಲ್ಲಿ ಪಾಠ ಹೇಳುವವರಿಗೆ ಇದೇನು ಹೊಸದೇ? ಆದರೆ ಮೂರನೇ ತುತ್ತಿಗೆ ಆ ಯಜಮಾನನ ಹೆಂಡತಿ, ವಸುಧೇಂದ್ರನ ತಾಯಿ ಜಯಾಬಾಯಿ ಗೋಡೆ ಹಿಡಿದು ಹೊರಬಂದರು. ಎಂಬತ್ತರ ವಯಸ್ಸು, ನೆನಪು ಮಾಸಿದೆ. ಎಲೆಯ ಮುಂದೆ ನಿಂತು ಕಣ್ಣರಳಿಸಿದರು.

"ಬಂದ್ರೇನ್ರಿ? ಎಷ್ಟ್ ಹೊತ್ ಮಾಡಿದ್ರಿ!"

ಆಚಾರ್ಯರ ತುತ್ತು ಕೈಯಲ್ಲೇ ಉಳಿಯಿತು.

ಹಿಂದೆಯೇ ಸೊಸೆ ಸುಷಮಾ ಬೆಲ್ಲದ ನೀರಿನ ಲೋಟ ಹಿಡಿದು ಓಡಿಬಂದು ಗಂಡನಿಗೆ ಹೇಳಿದಳು: "ನಂದ ತಪ್ಪು. ಇವತ್ತು ಊಟ ತಡ ಅನ್ನೋದು ಮರ್ತು ಮುಂಜಾನಿ ಶುಗರ್ ಗುಳಿಗಿ ಕೊಟ್ಟುಬಿಟ್ಟೆ. ಬೆವ್ತು ನಡುಗ್ಲಿಕ್ಕೆ ಹತ್ಯಾರ. ಹನಿ ನೀರೂ ಒಲ್ಲೆ ಅಂತಾರ."

"ಅವರ ಊಟ ಆಗದ ನಾ ಹೆಂಗ ಬಾಯಾಗ ಇಡ್ಲಿ?" ಎಂದರು ಜಯಾಬಾಯಿ. ವಸುಧೇಂದ್ರ ಕೈ ಮುಗಿದ, ಅಂಗಲಾಚಿದ. ಮುದುಕಿ ಜಪ್ಪಯ್ಯ ಅನ್ನಲಿಲ್ಲ.

ಒಂದು ಜೀವ ಇನ್ನೊಂದು ಜೀವ ಆಗದು ಎಂದು ಮೊನ್ನೆ ಏಕಾದಶಿಯ ದಿನ ಮಠದ ಪಾಠದಲ್ಲಿ ಮೇಜು ಗುದ್ದಿ ಹೇಳಿದವರು ಈ ಆಚಾರ್ಯರೇ. ಈಗ ನೋಡಿ ಫಜೀತಿ! ಸುಮ್ಮನಿದ್ದರೆ ಮಂತ್ರದ ಬಲದಿಂದ ಈಕೆಯ ಗಂಡನ ಜಾಗ ತಮ್ಮದು. ಬಾಯಿ ಬಿಟ್ಟರೆ ಆ ಜಾಗ ಹೋಯಿತು, ಉಳಿಯುವವನು ಗಂಡನ ಸೋಗು ಹಾಕಿದ ಸುಳ್ಳುಗಾರ ಗುರುರಾಜ. ಶ್ರಾದ್ಧ ಕೆಡಿಸಿದ ಪಾಪವೂ ಅವನ ತಲೆಗೇ.

ಜಯಾಬಾಯಿಯ ತುಟಿ ಬಿಳಚಿತು. ಮೊಣಕಾಲು ಕುಸಿಯಿತು.

"ಉಂಡಿಯೇನು?" ಗಂಡನ ಸಲುಗೆಯಲ್ಲೇ ಆಚಾರ್ಯರ ಬಾಯಿಂದ ಮಾತು ಬಂದೇಬಿಟ್ಟಿತು. "ಇಲ್ಲೇ ಕೂಡು. ಮೊದಲ ಅದನ್ನ ಕುಡಿ."

ಆಕೆ ಕೂತು ಗಟಗಟ ಕುಡಿದರು. ಸುಷಮಾ ಪಾಯಸ ತಿನ್ನಿಸಿದಳು. ಆಚಾರ್ಯರು ತಲೆ ಎತ್ತಲಿಲ್ಲ. ಯಾರಿಗೆ ಮೋಸ ಮಾಡಿದೆ, ಸತ್ತವನಿಗೋ, ಮಗನಿಗೋ, ಈ ತಾಯಿಗೋ ಎಂದು ಒಳಗೊಳಗೇ ಬೇಯುತ್ತಿದ್ದರು.

ಬೆವರು ಆರಿದ ಮೇಲೆ ಜಯಾಬಾಯಿ ಅವರನ್ನು ದಿಟ್ಟಿಸಿ ನೋಡಿದರು.

"ನೀವು ನಮ್ಮವರಲ್ಲ."

ವಸುಧೇಂದ್ರ ಬೆಚ್ಚಿದ.

"ಐವತ್ತು ವರ್ಷ ಬಾಳ್ವಿ ಮಾಡೀನಿ. ಉಂಡಿಯೇನು ಅಂತ ಅವರು ಒಂದಿನಾನೂ ಕೇಳಿದವರಲ್ಲ. ನೀವು ಕೇಳಿದ್ರಿ ಅಂತ ಕುಡದೆ. ಯಾರ್ರೀ ನೀವು?"

ಯಾವ ಜೀವ ಯಾರು ಎಂಬುದನ್ನೇ ಇಪ್ಪತ್ತು ವರ್ಷ ಪಾಠ ಹೇಳಿದ ಆಚಾರ್ಯರ ಎಂಜಲು ಕೈ ಎಲೆಯ ಮೇಲೆ ಒಣಗುತ್ತಿತ್ತು.

ಜಯಾಬಾಯಿ ಆ ಎಲೆ ನೋಡಿದರು. ಅನ್ನ ಹಾಗೇ ಇತ್ತು.

"ಹೋಗ್ಲಿ ಬಿಡ್ರಿ," ಎಂದರು. "ನೀವು ಉಂಡ್ರೇನು?"