ಚಿಕ್ಕಮ್ಮನ ಮೈಕು

ಎಡಗಡೆಯ ಸ್ಪೀಕರಿನಲ್ಲಿ ಮತ್ತೆ ಅದೇ ಗುಂಯ್, ಬಾಟಲಿಯೊಳಗೆ ಸಿಕ್ಕಿಕೊಂಡ ನೊಣದ ಹಾಗೆ, ಬೇರೆ ಯಾರಿಗೂ ಕೇಳಿಸುತ್ತಿಲ್ಲವೋ, ಕೇಳಿಸಿ ಕೇಳಿಸಿ ರೂಢಿಯಾಗಿದೆಯೋ, ಎಲ್ಲರೂ ಕಣ್ಣು ಮುಚ್ಚಿದ್ದಾರೆ, ಪಾಸ್ಟರ್ ಕಾಯಿಲೆಯವರಿಗಾಗಿ ಪ್ರಾರ್ಥಿಸುತ್ತಿದ್ದಾರೆ, ನಾನೊಬ್ಬಳು ಕಣ್ಣು ಬಿಟ್ಟುಕೊಂಡು ಕೂತಿದ್ದೇನೆ, ವೇದಿಕೆಯ ಹಿಂದೆ ಪರದೆಯ ಕೆಳಗೆ ಕರೆಂಟಿನ ವೈರೂ ಮೈಕಿನ ವೈರೂ ಒಂದರ ಮೇಲೊಂದು ಮಲಗಿವೆ, ಒಂದು ಗೇಣು ದೂರ ಎಳೆದರೆ ಸಾಕು, ಗುಂಯ್ ನಿಲ್ಲುತ್ತದೆ, ಆದರೆ ಎಳೆಯುವುದು ಯಾರು, ನಾನು ಈ ಚರ್ಚಿಗೆ ಹೊಸಬಳು, ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ ಎಂದು ಜನ ನಗಬಾರದು ನೋಡು, ಹಾಗಾಗಿ ನನ್ನ ಕೈ ನನ್ನ ಮಡಿಲಲ್ಲಿ, ನೊಣ ಅದರ ಬಾಟಲಿಯಲ್ಲಿ. ಕತ್ತು ನೋಯುತ್ತಿದೆ. ವಾರವಿಡೀ ಆಸ್ಪತ್ರೆಯ ಫೋನಿನ ಮುಂದೆ ಕೂತು, ಮೂಳೆ ಡಾಕ್ಟರು ಇವತ್ತು ಬರಲ್ಲ, ಕಣ್ಣಿನ ಡಾಕ್ಟರು ಮೇಲಿನ ಮಹಡಿ, ಹೌದಮ್ಮ, ಇಲ್ಲ ಸ್ವಾಮಿ, ಸ್ವಲ್ಪ ಲೈನಲ್ಲೇ ಇರಿ, ಎಂದು ಹೇಳಿ ಹೇಳಿ ದವಡೆ ಬಿದ್ದುಹೋಗುತ್ತದೆ, ಭಾನುವಾರವಾದರೂ ಬಾಯಿಗೆ ರಜೆ ಸಿಗಲಿ ಎಂದೇ ನಾನು ಮೊದಲಿನಿಂದಲೂ ಹಾಡುವವರ ಜೊತೆ ನಿಲ್ಲದೆ ಸೌಂಡಿನ ಮೇಜಿನ ಹಿಂದೆ ಬಂದು ಕೂತವಳು, ಇಲ್ಲಿ ಮಾತಿಲ್ಲ, ಬೆರಳಿನ ಕೆಲಸ, ಒಬ್ಬರನ್ನು ಚೂರು ಮೇಲೆ, ಒಬ್ಬರನ್ನು ಚೂರು ಕೆಳಗೆ, ಯಾರಿಗೂ ಗೊತ್ತಾಗದ ಹಾಗೆ, ಸೌಂಡಿನವರು ಸರಿಯಾಗಿ ಕೆಲಸ ಮಾಡಿದ ದಿನ ಸೌಂಡಿನವರು ಇದ್ದಾರೆ ಎನ್ನುವುದೇ ಯಾರಿಗೂ ನೆನಪಿರುವುದಿಲ್ಲ, ಅದೇ ನನಗೆ ಬೇಕಾದದ್ದು.

ಹಳೆಯ ಚರ್ಚಿನ ಮೇಜು ನನ್ನದೇ ಆಗಿತ್ತು, ಅಂದರೆ ಚರ್ಚಿನದು, ಆದರೆ ನನ್ನದೇ, ಜನ ಕರಗುತ್ತಾ ಕರಗುತ್ತಾ ಕೊನೆಗೆ ಬೆಂಚುಗಳೇ ಜಾಸ್ತಿ ಆದಾಗ ಬಾಗಿಲು ಮುಚ್ಚಿದರು, ಕಟ್ಟಡ ಈಗ ಪೀಠೋಪಕರಣದ ಅಂಗಡಿ, ಒಮ್ಮೆ ಬಸ್ಸಿನಿಂದ ನೋಡಿದೆ, ಪಾಸ್ಟರ್ ನಿಲ್ಲುತ್ತಿದ್ದ ಜಾಗದಲ್ಲಿ ಸೋಫಾ, ಮತ್ತೆ ಆ ಕಡೆಯ ಬಸ್ಸು ಹತ್ತಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ, ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ, ತಂಗಿ ನೋಡಲಾರದೆ ಇಲ್ಲಿಗೆ ಕರೆತಂದಳು, ಮೆಟ್ಟಿಲು ಹತ್ತುವಾಗಲೇ ಪಾಠ ಶುರು, ಅಕ್ಕ, ನಿನ್ನ ದಮ್ಮಯ್ಯ, ಇಲ್ಲಿ ಏನೂ ಸರಿ ಮಾಡೋಕೆ ಹೋಗಬೇಡ, ಕೆಟ್ಟಿದ್ರೂ ಚೆನ್ನಾಗಿದೆ ಅನ್ನು. ಚೆನ್ನಾಗಿದೆ ಅಂದೆ. ಎಲ್ಲದಕ್ಕೂ ಅಂದೆ. ಸೌಂಡಿನ ಮುಖ್ಯಸ್ಥರು ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಳ್ಳೆಯ ಮನುಷ್ಯ, ವೈರನ್ನು ಅಂಗೈಯಿಂದ ಮೊಣಕೈಗೆ ಬಿಗಿಯಾಗಿ ಸುತ್ತುತ್ತಾರೆ, ಬಟ್ಟೆ ಒಣಹಾಕುವ ಹಗ್ಗ ಸುತ್ತಿದ ಹಾಗೆ, ಒಳಗಿನ ತಂತಿ ತಿರುಚಿಕೊಂಡು ಸಾಯುತ್ತದೆ, ಆದರೂ ನಾನೂ ಮೊಣಕೈಗೇ ಸುತ್ತಿದೆ, ಅವರು ನೋಡಿ, ಪರವಾಗಿಲ್ಲ ಸಿಸ್ಟರ್, ಬೇಗ ಕಲಿತ್ರಿ, ಅಂದರು, ಥ್ಯಾಂಕ್ಸ್ ಮೇಷ್ಟ್ರೆ ಅಂದೆ. ವೈರು ಸುತ್ತುವುದು, ಬ್ಯಾಟರಿ ಬದಲಿಸುವುದು, ಕುರ್ಚಿ ಜೋಡಿಸುವುದು, ಬೇಸಿಗೆಯೇ ಕಳೆಯಿತು, ನಾನು ಬಾಯಿಗೆ ಬೀಗ ಹಾಕಿಕೊಂಡು ಆ ಮೇಜನ್ನು ದೂರದಿಂದ ನೋಡುತ್ತಿದ್ದೆ, ಬೇರೆಯವರ ಮಗುವನ್ನು ಎತ್ತಿಕೊಳ್ಳಲೇ ಎಂದು ಕೇಳಲು ನಾಚಿಕೆಯಾಗುವ ಹಾಗೆ. ಈ ವಯಸ್ಸಿನಲ್ಲಿ ಎಂಥ ಆಸೆ. ಆದರೆ ಆಸೆಯೇ, ಸುಳ್ಳೇಕೆ, ಆ ಮೇಜಿನ ಹಿಂದೆ ನನಗೊಂದು ಕುರ್ಚಿ ಸಿಗದಿದ್ದರೆ ಇನ್ನು ಮುಂದಿನ ಭಾನುವಾರಗಳನ್ನೆಲ್ಲ ಒಗೆದೇ ಕಳೆಯಬೇಕಿತ್ತು.

ಆಮೆನ್ ಅಂದರು, ಇಲ್ಲ, ಇನ್ನೂ ಮುಗಿದಿಲ್ಲ, ಈಗ ಪ್ರಯಾಣದಲ್ಲಿರುವವರಿಗಾಗಿ. ಹೋದ ಭಾನುವಾರ ಮೇಷ್ಟ್ರು ಮೊದಲ ಸಲ ಮೇಜನ್ನು ನನ್ನ ಕೈಗೆ ಬಿಟ್ಟರು, ಅವರು ಬೈಬಲ್ ಪಾಠ ಓದಬೇಕಿತ್ತು, ಏನೂ ಮುಟ್ಟಬೇಡಿ ಸಿಸ್ಟರ್, ಎಲ್ಲಾ ಇಟ್ಟಿದೀನಿ, ಹಾಗೇ ಬಿಡಿ, ಎಂದು ಹೇಳಿ ಮುಂದಕ್ಕೆ ಹೋದರು, ಕುರ್ಚಿ ಇನ್ನೂ ಬೆಚ್ಚಗಿತ್ತು, ಕೂತೆ, ಹಾಡು ಶುರುವಾಯಿತು, ಹಾಡುವವರ ಸಾಲಿನ ತುದಿಯಲ್ಲಿ ಚಿಕ್ಕಮ್ಮ, ಊರಿಗೆಲ್ಲ ಚಿಕ್ಕಮ್ಮ, ಪಾಸ್ಟರಿಗೂ ಚಿಕ್ಕಮ್ಮ, ಬಾಗಿದ ಬೆನ್ನು, ಬಿಳಿ ಕೂದಲಿಗೆ ಎರಡು ಕಪ್ಪು ಪಿನ್ನು, ಎರಡೂ ಕೈಯಲ್ಲಿ ಮೈಕು ಹಿಡಿದು ಕಣ್ಣು ಮುಚ್ಚಿ ಹಾಡುತ್ತಿದ್ದಾರೆ, ಕತ್ತಿನ ನರ ಕಾಣುತ್ತಿದೆ, ಮೇಜಿನ ಮೇಲೆ ನೋಡಿದರೆ ಅವರ ಮೈಕಿಗೆ ಕೆಂಪು ದೀಪ, ಅಂದರೆ ಮುಚ್ಚಿದೆ, ದನಿ ಹಾಲಿಗೆ ಹೋಗುತ್ತಿಲ್ಲ. ಅಯ್ಯೋ, ಮೇಷ್ಟ್ರು ಮರೆತಿದ್ದಾರೆ. ಹಾಗೆ ಅನ್ನಿಸಿದ್ದು ಕೂಡ ಆಮೇಲೆ, ಬೆರಳು ಮೊದಲೇ ಹೋಗಿತ್ತು, ಹಾಡುವವರ ಬಾಯಿ ತೆರೆದಿದ್ದು ಇಲ್ಲಿ ದೀಪ ಕೆಂಪಾಗಿದ್ದರೆ ಯಾವ ಸೌಂಡಿನವರ ಬೆರಳೂ ಸುಮ್ಮನಿರುವುದಿಲ್ಲ, ಎದುರಿನ ಮಗು ಎಡವಿದರೆ ಕೈ ಚಾಚಲು ಯಾರೂ ಯೋಚಿಸುವುದಿಲ್ಲ, ಹಾಗೆ, ದೀಪ ಹಸಿರಾಯಿತು, ಸೌಂಡಿನ ಗುಬುಟನ್ನು ಉಳಿದವರ ಮಟ್ಟಕ್ಕೆ ಏರಿಸಿದೆ, ಮತ್ತು ಇಡೀ ಹಾಲ್ ತುಂಬ ಚಿಕ್ಕಮ್ಮ. ದೇವರೇ. ಒಡೆದ ದನಿ, ದೊಡ್ಡ ದನಿ, ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದೆ, ಶ್ರುತಿಗಿಂತ ಎಷ್ಟು ಹೆಜ್ಜೆಯೋ, ಆದರೆ ಒಂದೊಂದು ಮಾತೂ ಸ್ಪಷ್ಟ, ಗಿಟಾರಿನವನು ತಂತಿ ತಪ್ಪಿದ, ಮುಂದಿನ ಸಾಲು ತಿರುಗಿತು, ಎರಡು ಹುಡುಗಿಯರು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು, ನಗು, ಚಿಕ್ಕಮ್ಮ ಕಣ್ಣು ಬಿಟ್ಟರು. ತಲೆಯ ಮೇಲಿದ್ದ ಸ್ಪೀಕರನ್ನು ನೋಡಿದರು. ತಮ್ಮ ದನಿ ಅಲ್ಲಿಂದ ಬರುವುದನ್ನು ಅವರು ಕೇಳಿಯೇ ಇರಲಿಲ್ಲವೇನೋ ಎನ್ನುವ ಹಾಗೆ ನೋಡಿದರು, ಆಮೇಲೆ ನಿಧಾನಕ್ಕೆ ತಿರುಗಿ ಇಷ್ಟು ದೂರದಲ್ಲಿದ್ದ ನನ್ನನ್ನು ನೋಡಿದರು. ನಾನು ಮೈಕು ಮುಚ್ಚಿಬಿಟ್ಟೆ. ತೆರೆದದ್ದಕ್ಕಿಂತ ಅದೇ ದೊಡ್ಡ ತಪ್ಪು.

ಆಮೇಲೆ ಪರದೆಯ ಹಿಂದೆ ಮೇಷ್ಟ್ರು, ಪಾಪ, ಬೈಯಲೂ ಬರುವುದಿಲ್ಲ ಅವರಿಗೆ, ಸಿಸ್ಟರ್, ನಿಮಗೆ ಯಾರೂ ಹೇಳಿರಲಿಲ್ವಾ. ಯಾರೂ ಹೇಳಿರಲಿಲ್ಲ. ಮೇಷ್ಟ್ರು ತಂಗಿ ಹೇಳಿರುತ್ತಾಳೆ ಎಂದುಕೊಂಡಿದ್ದರು, ತಂಗಿ ಮೇಷ್ಟ್ರು ಹೇಳಿರುತ್ತಾರೆ ಎಂದುಕೊಂಡಿದ್ದಳು. ಈ ಸಭೆ ಶುರುವಾದದ್ದೇ ಚಿಕ್ಕಮ್ಮನ ಮನೆಯ ಮುಂದಿನ ಕೋಣೆಯಲ್ಲಂತೆ, ಆಗ ಹಾಡಲು ಅವರೊಬ್ಬರೇ ಇದ್ದರಂತೆ, ದನಿ ಹೋದ ಮೇಲೆ ಸಾಕು ಎಂದು ಹೇಳುವ ಎದೆ ಯಾರಿಗೂ ಇರಲಿಲ್ಲ, ಮೈಕು ಕೈಗೆ ಕೊಟ್ಟು ಇಲ್ಲಿ ಮುಚ್ಚಿಬಿಟ್ಟರು, ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ವರ್ಷಗಳಿಂದ ಇಡೀ ಸಭೆಗೆ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ. ಹಾಲಿಗೆ ಮಾತ್ರ ಹೋಗಲ್ಲ ಸಿಸ್ಟರ್, ಹೆಡ್‌ಫೋನಿಗೆ ಬರುತ್ತೆ, ಆ ಬಟನ್ ಒತ್ತಿದ್ರೆ ಅವರೊಬ್ಬರದೇ ಕೇಳಿಸುತ್ತೆ, ನಾನು ಪ್ರತಿ ವಾರ ಒಂದು ಹಾಡು ಕೇಳ್ತೀನಿ, ಯಾರಾದ್ರೂ ಒಬ್ಬರು ಕೇಳಬೇಕಲ್ಲ. ಅದನ್ನು ಹೇಳುವಾಗ ಮೇಷ್ಟ್ರು ನನ್ನ ಮುಖ ನೋಡಲಿಲ್ಲ, ವೈರು ಸುತ್ತುತ್ತಿದ್ದರು. ತಂಗಿ ವೇದಿಕೆಯ ಮೆಟ್ಟಿಲ ಕೆಳಗೆ ನಿಂತಿದ್ದಳು, ಮುಖ ಸುಣ್ಣದ ಹಾಗೆ, ಏನೂ ಮಾಡಬೇಡ ಅಂದಿದ್ದೆನಲ್ಲ ಅಕ್ಕ, ಈಗ ನಮ್ಮನ್ನ ಯಾರು ಮಾತಾಡಿಸ್ತಾರೆ. ಅಷ್ಟರಲ್ಲಿ ಚಿಕ್ಕಮ್ಮ ಬಂದರು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ, ಎಲ್ಲರನ್ನೂ ಬಿಟ್ಟು ನೇರ ನನ್ನ ಹತ್ತಿರ, ಹೊಸಬಳು ನಿಜ ಹೇಳುತ್ತಾಳೆ ಎಂದುಕೊಂಡಿರಬೇಕು.

ಮಗಳೇ, ಅದು ಯಾವಾಗಲೂ ಮುಚ್ಚಿರುತ್ತಾ?

ಅಷ್ಟೇ ಕೇಳಿದ್ದು. ಮೇಷ್ಟ್ರ ಕೈ ನಿಂತಿತು, ತಂಗಿ ನನ್ನನ್ನೇ ನೋಡುತ್ತಿದ್ದಳು, ನನಗೆ ಆ ಬೆಚ್ಚಗಿನ ಕುರ್ಚಿ ನೆನಪಾಯಿತು, ಬಟ್ಟೆಯ ಬಕೆಟ್ಟೂ ನೆನಪಾಯಿತು, ಇಲ್ಲ ಚಿಕ್ಕಮ್ಮ, ಯಾವಾಗಲೂ ತೆರೆದೇ ಇರುತ್ತೆ, ಇವತ್ತು ನಾನೇ ಗೊತ್ತಿಲ್ಲದೆ ಸೌಂಡ್ ಜಾಸ್ತಿ ಕೊಟ್ಟುಬಿಟ್ಟೆ, ಹೊಸಬಳು, ತಪ್ಪಾಯ್ತು. ಎಷ್ಟು ಸಲೀಸಾಗಿ ಬಂತು, ಆಸ್ಪತ್ರೆಯ ಫೋನಿನಲ್ಲಿ ಡಾಕ್ಟರು ಈಗ ಬರುತ್ತಾರೆ ಎಂದಷ್ಟೇ ಸಲೀಸು. ಚಿಕ್ಕಮ್ಮ ನನ್ನ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು. ಹೌದಾ, ಬಿಡು ತಾಯಿ, ಕಲಿತೀಯ, ಅಂದರು, ಕೆನ್ನೆ ತಟ್ಟಿದರು, ಬೆರಳು ತಣ್ಣಗಿತ್ತು, ಎಲ್ಲರೂ ನಿಟ್ಟುಸಿರು ಬಿಟ್ಟು ನಕ್ಕರು, ಯಾರೋ ನನಗೊಂದು ಲೋಟ ಚಹಾ ತಂದುಕೊಟ್ಟರು, ಇಷ್ಟು ದಿನ ನಾನೇ ಹೋಗಿ ತಂದುಕೊಳ್ಳುತ್ತಿದ್ದೆ.

ಆಮೆನ್. ಈಗ ನಿಜವಾಗಿ ಆಮೆನ್. ಕುರ್ಚಿಗಳು ಕಿರುಗುಟ್ಟುತ್ತವೆ, ಜನ ಏಳುತ್ತಾರೆ, ಹಾಡುವವರು ಸಾಲಾಗಿ ಬರುತ್ತಿದ್ದಾರೆ, ಚಿಕ್ಕಮ್ಮ ಬಂದಿದ್ದಾರೆ, ಬರುವುದಿಲ್ಲವೇನೋ ಎಂದು ಬೆಳಗಿನಿಂದ ತಂಗಿಯೂ ನಾನೂ ಬಾಗಿಲನ್ನೇ ನೋಡುತ್ತಿದ್ದೆವು, ಬಂದರು, ಅದೇ ತುದಿ, ಅದೇ ಎರಡು ಪಿನ್ನು, ತಂಗಿ ಮುಂದಿನ ಸಾಲಿನಿಂದ ತಿರುಗಿ ನನಗೆ ಕಣ್ಣಲ್ಲೇ ನಕ್ಕಳು, ನೋಡಿದ್ಯಾ, ಎಲ್ಲ ಸರಿಹೋಯ್ತು, ಹೌದು, ಸರಿಹೋಯಿತು, ಮೇಷ್ಟ್ರು ಇವತ್ತು ಪಕ್ಕದ ಸ್ಟೂಲಿನ ಮೇಲೆ ಕೂತು ನನಗೆ ಕುರ್ಚಿ ಬಿಟ್ಟುಕೊಟ್ಟಿದ್ದಾರೆ, ಇನ್ನು ಮೇಲೆ ಇದು ನಿಮ್ಮದೇ ಸಿಸ್ಟರ್, ನನಗೂ ಬೆನ್ನು ನೋವು, ಎಂದು ಬೆಳಿಗ್ಗೆ ಎಲ್ಲರೆದುರು ಹೇಳಿದರು, ನಮ್ಮವರು ಅಂದರು, ಸೂಕ್ಷ್ಮ ಗೊತ್ತಿರೋರು ಅಂದರು. ಖುಷಿಯಾಗಬೇಕಿತ್ತು. ಆಗಿಲ್ಲ ಎಂದಲ್ಲ, ದಣಿದಿದ್ದೇನೆ ಅಷ್ಟೆ, ಗಿಟಾರು ಶುರುವಾಯಿತು, ಗುಬುಟುಗಳನ್ನು ಮೆಲ್ಲಗೆ ಏರಿಸುತ್ತೇನೆ, ಎಲ್ಲರದೂ ಹಸಿರು, ತುದಿಯದು ಕೆಂಪು, ಮುಟ್ಟುವುದಿಲ್ಲ, ಸಭೆ ಹಾಡುತ್ತಿದೆ, ಚಿಕ್ಕಮ್ಮ ಎರಡೂ ಕೈಯಲ್ಲಿ ಮೈಕು ಹಿಡಿದು ಬಾಯಿ ತೆರೆದರು, ಮುಚ್ಚಿದರು, ತೆರೆದರು, ಮೇಷ್ಟ್ರು ಹೆಡ್‌ಫೋನನ್ನು ನನ್ನ ಕಡೆ ಸರಿಸಿ ಪಿಸುಗುಟ್ಟಿದರು, ಇನ್ಮೇಲೆ ಕೇಳೋದೂ ನಿಮ್ಮ ಕೆಲಸವೇ. ಹಾಕಿಕೊಂಡೆ. ಇಡೀ ಹಾಲ್ ದೂರ ಹೋಯಿತು, ಗುಂಯ್ ಕೂಡ ಹೋಯಿತು, ಬಟನ್ ಒತ್ತಿದೆ, ಅವರ ಮೈಕಿನದೇ, ಹೌದು ಅದೇ, ಚಿಕ್ಕ ದೀಪ ಉರಿಯುತ್ತಿದೆ, ಹೆಡ್‌ಫೋನಿನ ಸೌಂಡ್ ಏರಿಸಿದೆ, ಇನ್ನೂ ಏರಿಸಿದೆ, ದೂರದಲ್ಲಿ ಪಕ್ಕದವರ ಹಾಡಿನ ಸಣ್ಣ ಸದ್ದು, ಹತ್ತಿರದಲ್ಲಿ, ಕಿವಿಗೆ ತಾಗುವಷ್ಟು ಹತ್ತಿರದಲ್ಲಿ, ಉಸಿರು. ಬರೀ ಉಸಿರು. ಬಾಯಿ ತೆರೆಯುತ್ತಿದೆ, ತುಟಿ ಒಂದೊಂದು ಮಾತಿಗೂ ಸರಿಯಾಗಿ ಆಡುತ್ತಿದೆ, ಕತ್ತಿನ ನರ ಮಾತ್ರ ಏಳುತ್ತಿಲ್ಲ, ಅವರು ಹಾಡುತ್ತಿಲ್ಲ, ಮೈಕು ಮುಚ್ಚಿದೆ ಎಂದು ಅವರಿಗೆ ಗೊತ್ತಾಗಿದೆ, ಗೊತ್ತಾಗಿದೆ ಎಂದು ನಮಗೆ ಗೊತ್ತಾಗದಿರಲಿ ಎಂದು, ನಮ್ಮ ಮನಸ್ಸು ನೋಯದಿರಲಿ ಎಂದು ತುಟಿ ಆಡಿಸುತ್ತಿದ್ದಾರೆ, ಈಗ ತೆರೆದರೂ ಹಾಲಿಗೆ ಹೋಗುವುದೇನು, ಮೇಷ್ಟ್ರು ನನ್ನ ಮೊಣಕೈ ಮುಟ್ಟಿ ಹುಬ್ಬೇರಿಸುತ್ತಾರೆ, ಕೇಳಿಸ್ತಾ, ಹೇಗಿದೆ, ನಾನು ತಲೆಯಾಡಿಸುತ್ತೇನೆ, ಚೆನ್ನಾಗಿದೆ ಮೇಷ್ಟ್ರೆ, ಅವರು ಸಮಾಧಾನದಿಂದ ಹಿಂದಕ್ಕೆ ಒರಗುತ್ತಾರೆ, ಎರಡನೆಯ ಚರಣ, ಬಾಯಿ ತೆರೆಯುತ್ತದೆ, ಉಸಿರು, ಬಾಯಿ ಮುಚ್ಚುತ್ತದೆ, ಬಾಯಿ ತೆರೆಯುತ್ತದೆ, ಉಸಿರು —