ಕಾಗೆಕಾಲಿನ ಗುರುತು

ಟಕ್ ಟಕ್, ಟಕ್ ಟಕ್ — ಶೆಡ್ಡಿನ ಆ ತುದಿಯಲ್ಲಿ ಅತ್ತಿಗೆಯ ಕೊಡತಿ, ಒಂದೇಟು ಹೆಚ್ಚಿಲ್ಲ ಒಂದೇಟು ಕಡಿಮೆಯಿಲ್ಲ, ಅಷ್ಟು ಲೆಕ್ಕವಾಗಿ ಬಡಿಯಬೇಕೆಂದು ಆಕೆಗೆ ಯಾರು ಹೇಳಿದರೋ — ಇವನೇ ಹೇಳಿದ್ದು, ಮತ್ಯಾರು, ನಾಲ್ಕು ತಿಂಗಳ ಹಿಂದೆ ಮಣಿಕಟ್ಟು ಊದಿಕೊಂಡು ಕೊಡತಿ ಎತ್ತಲಾಗದೆ ಕೂತಾಗ ಅಣ್ಣ ಹೆಂಡತಿಯನ್ನು ಕರೆತಂದು ಮುಂದೆ ನಿಲ್ಲಿಸಿ, ಇವಳಿಗೊಂದಿಷ್ಟು ಹೇಳ್ಕೊಡೋ ಮೇಸ್ತ್ರಿ ಅಂದಿದ್ದ, ಇವನೂ ದೊಡ್ಡ ಮನಸ್ಸು ಮಾಡಿದ್ದ, ನೋಡಿ ಅತ್ತಿಗೆ, ಅಲ್ಯೂಮಿನಿಯಂ ತಗಡನ್ನ ಎರಡು ಮರದ ಅಚ್ಚಿನ ಮಧ್ಯ ಇಟ್ಟು ವೈಸಿಗೆ ಬಿಗೀಬೇಕು, ಹೊರಗೆ ಚಾಚಿರೋ ಅಂಚನ್ನ ಸ್ವಲ್ಪ ಸ್ವಲ್ಪವೇ ಮಲಗಿಸ್ಕೊಂಡು ಹೋಗಬೇಕು, ಅವಸರ ಮಾಡಿದ್ರೆ ಮುನಿಸ್ಕೊಳ್ಳುತ್ತೆ. ಆಕೆಯ ಕೈಯಲ್ಲಿ ಅದು ಮುನಿಸಿಕೊಳ್ಳಲೇ ಇಲ್ಲ. ಆಕೆ ಬಡಿದ ರಿಬ್ಬು, ವಿಮಾನದ ರೆಕ್ಕೆಯೊಳಗಿನ ಪಕ್ಕೆಲುಬು, ಅಚ್ಚಿನಿಂದ ಎದ್ದು ಬಂದರೆ ಅಂಚು ಇಸ್ತ್ರಿ ಮಾಡಿದ ಹಾಗೆ ಕೂತಿರುತ್ತದೆ, ಅಣ್ಣ ಕಿಟಕಿಯ ಬೆಳಕಿಗೆ ಹಿಡಿದು ನೋಡೋ, ಕೈ ಅಂದ್ರೆ ಇದು ಅನ್ನುತ್ತಾನೆ, ಕೈ ಅಂದ್ರೆ ಇದು, ಹಾಗಾದರೆ ಇಪ್ಪತ್ತೆರಡು ವರ್ಷ ಬಸ್ಸುಗಳ ಮೈ ಕಟ್ಟಿದ ಇವನದೇನು, ಕಾಲೇ? ಮೊನ್ನೆ ಊಟಕ್ಕೆ ಕೂತಾಗ ಮೇಸ್ತ್ರಿ, ಸ್ವಲ್ಪ ನೀರು ಅಂದ ಅಣ್ಣ, ಇವನು ಜಗ್ಗು ಎತ್ತಿದ್ದೂ ಆಯಿತು, ನಿನ್ನನ್ನಲ್ವೋ, ಇವಳನ್ನ ಕರೆದದ್ದು, ಅತ್ತಿಗೆ ನಕ್ಕಳು, ಇವನೂ ನಕ್ಕ, ಜಗ್ಗನ್ನು ಆಕೆಯ ಕಡೆ ಸರಿಸಿದ. ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಮುದ್ದು ಮಾಡಿ ಏನು ಪ್ರಯೋಜನ.

ಎರಡೇ ಸೀಟಿನ ವಿಮಾನ, ಒಂದು ಅಣ್ಣನದು, ಇನ್ನೊಂದು ಇವನದು, ಎಂಟು ವರ್ಷದ ಹಿಂದೆ ಮೊದಲ ತಗಡು ಕತ್ತರಿಸಿದ ದಿನದಿಂದಲೂ ಕೇಳುವ ಮಾತೇ ಇರಲಿಲ್ಲ — ಕಳೆದ ವಾರ ಅಣ್ಣ ಅತ್ತಿಗೆಯನ್ನು ಇವನ ಸೀಟಿನಲ್ಲಿ ಕೂರಿಸಿ, ಕಾಲು ಎಟುಕುತ್ತಾ ನೋಡು, ದಿಂಬು ಹಾಕ್ಲಾ, ದಿಂಬು ಬೇರೆ — ಚಿಕ್ಕಂದಿನಲ್ಲಿ ಹಳೇ ಮರದ ಪೆಟ್ಟಿಗೆಗೆ ಬೇರಿಂಗ್ ಸಿಕ್ಕಿಸಿ ಇಬ್ಬರೂ ಗಾಡಿ ಮಾಡಿದ್ದರು, ಅಣ್ಣ ಮುಂದೆ, ಇವನು ಹಿಂದೆ, ಹಿಂದಿನ ಹಲಗೆಯ ಮೇಲೆ ಮೊಳೆಯಿಂದ ಮೂರು ಗೀಟು, ಕಾಗೆಕಾಲು, ಇವನ ವಸ್ತುವಿಗೆಲ್ಲ ಅದೇ ಗುರುತು, ಅಕ್ಕ ಒಂದು ದಿನ ಅಲ್ಲಿ ಕೂತುಬಿಟ್ಟಾಗ ಇವನು ಅತ್ತು ರಂಪ ಮಾಡುವ ಮುಂಚೆಯೇ ಅಣ್ಣ ಹೇಳಿದ್ದ, ಕಾಗೆಕಾಲು ಕಾಣಲ್ವಾ, ಅದು ಅವನ ಜಾಗ, ಏಳು. ಆಗಿನ ಅಣ್ಣ ಅವನು.

ಇರಲಿ, ಟಾರ್ಚು ಹಿಡಿ, ಕೆಲಸ ನೋಡು, ಸಂಜೆ ಈ ರೆಕ್ಕೆಯ ಮೇಲೆ ತಗಡು ಮುಚ್ಚಿ ರಿವೆಟ್ ಹೊಡೆಯುತ್ತಾರೆ, ಆಮೇಲೆ ಒಳಗೇನಿದೆಯೆಂದು ದೇವರೇ ಬಂದರೂ ಕಾಣುವುದಿಲ್ಲ, ಅದಕ್ಕೆ ಮುಂಚೆ ಒಂದೊಂದು ರಿಬ್ಬನ್ನೂ ನೋಡಿ ಸರಿ ಅನ್ನುವುದು ಇವನ ಪಾಲಿನ ಕೆಲಸ, ಮಣಿಕಟ್ಟು ಹೋದವನಿಗೆ ಕಣ್ಣಾದರೂ ಉಳಿದಿದೆಯಲ್ಲ. ಮೂರನೆಯದು ಸರಿ, ನಾಲ್ಕನೆಯದು ಸರಿ, ಅಲ್ಲಿಗೆ ಇವನು ಬಡಿದವು ಮುಗಿದವು, ಇನ್ನು ಆಕೆಯವು, ಐದನೆಯದರ ಅಂಚಿನ ಮಡಿಕೆಯ ಮೇಲೊಂದು ಕೂದಲು, ಒರೆಸಿದ, ಹೋಗಲಿಲ್ಲ, ಉಗುರು ಆಡಿಸಿದ, ಸಿಕ್ಕಿಕೊಂಡಿತು, ಕೂದಲಲ್ಲ, ಬಿರುಕು. ಆಕೆಯ ರಿಬ್ಬಿನಲ್ಲಿ ಬಿರುಕು. ಹಾಲು ಕುಡಿದಷ್ಟು ಸಂತೋಷವಾಯಿತು, ಬಾ ಅಣ್ಣ, ಕೈ ಅಂದ್ರೆ ಇದು, ಬಂದು ನೋಡು ಎಂದು ಕರೆಯಲು ಬಾಯಿ ತೆರೆದವನು ಬಿರುಕಿನ ಬುಡ ಎಲ್ಲಿದೆಯೆಂದು ನೋಡಿದ, ಬಾಯಿ ಹಾಗೇ ಉಳಿಯಿತು. ಮೂರು ಗೀಟು. ಕಾಗೆಕಾಲು. ಆಕೆಗೆ ತಗಡು ಕತ್ತರಿಸಿಕೊಡುತ್ತಿದ್ದವನು ಇವನೇ, ನಾಳೆ ಏನಾದರೂ ಕೆಟ್ಟರೆ ಇದು ನನ್ನದಲ್ಲ, ಆಕೆಯದು ಎಂದು ತೋರಿಸಲು ಬೇಕೆಂದು ಪ್ರತಿ ಹಾಳೆಯ ಮೂಲೆಯಲ್ಲೂ ಉಕ್ಕಿನ ಮೊನೆಯಿಂದ ಗೀರಿದ್ದ, ಸ್ಕೆಚ್ ಪೆನ್ನಿನದಾದರೆ ಒರೆಸಿದರೆ ಹೋಗುತ್ತದೆ, ಇದು ಹೋಗಬಾರದು, ತನ್ನ ಗುರುತಲ್ಲದೆ ಬೇರೆ ಗುರುತು ಕೈಗೆ ಬರಲೂ ಇಲ್ಲ. ತಗಡಿಗೆ ಮೊನೆ ತಾಗಿಸಬಾರದು ಅತ್ತಿಗೆ, ಗೀರಿದ ಕಡೆ ಬಗ್ಗಿಸಿದ್ರೆ ಬಾಯಿ ಬಿಡುತ್ತೆ — ಮೊದಲ ದಿನದ ಪಾಠ, ಇವನದೇ. ಮಡಿಕೆಗೆ ದೂರ ಗೀರಿದ್ದೆ ಎಂದುಕೊಂಡಿದ್ದ, ಸಿಟ್ಟಿನ ಕೈ, ಒಂದು ಗೀಟು ಜಾರಿ ಮಡಿಕೆ ದಾಟಿದೆ. ಒಂದಲ್ಲ, ಏಳು ರಿಬ್ಬುಗಳ ಮೇಲೆ ಹೀಗೆ ಗೀರಿದ್ದಾನೆ.

ಸುಮ್ಮನಿದ್ದರೆ — ತಗಡು ಮುಚ್ಚುತ್ತಾರೆ, ಆ ಸೀಟಿನಲ್ಲಿ ಆಕೆ, ಈ ಸೀಟಿನಲ್ಲಿ ಅಣ್ಣ, ಮೇಲೆ ಎಲ್ಲೋ — ಛೇ, ಅದಲ್ಲ, ಅದು ಬೇಡ, ತಗಡು ಉಜ್ಜೋ ಅರ ಎಲ್ಲಿ, ಗುರುತನ್ನಷ್ಟೇ ಉಜ್ಜಿ ಬಿರುಕು ತೋರಿಸಿದರಾಯಿತು, ಎರಡು ನಿಮಿಷದ ಕೆಲಸ, ಅರ ಕೈಗೆ ಬಂತು, ಟಕ್ ಟಕ್ ನಿಂತಿತು, ಏನೋ, ಮುಚ್ಚೋಣ್ವಾ, ಬೆನ್ನ ಹಿಂದೆ ಅಣ್ಣ, ಬಿರುಕಿದೆ ಅಂದ ಇವನು, ಅತ್ತಿಗೆ ಬಂದು ಬಗ್ಗಿ ನೋಡಿದಳು, ಮುಖ ಸಣ್ಣದಾಯಿತು, ಇದು ನಾನು ಬಡಿದದ್ದು, ಎಲ್ಲೋ ಅವಸರ ಮಾಡಿದೀನಿ, ನೀನು ಅಷ್ಟು ಹೇಳಿಕೊಟ್ಟೂ, ತಪ್ಪು ನಂದೇ ಕಣಪ್ಪಾ — ಇನ್ನೇನು ಬೇಕು, ಕೇಳದೆಯೇ ಕೈಗೆ ಬಂತಲ್ಲ, ಮೇಸ್ತ್ರಿ ಎಂಬ ಹೆಸರೂ ಬಂತು, ಸೀಟೂ ಬಂತು, ತುಟಿ ಬಿಗಿಹಿಡಿದರೆ ಸಾಕು — ಇನ್ನೂ ಆರಿವೆ ಅಣ್ಣ, ಅಂದುಬಿಟ್ಟ, ಎಲ್ಲ ಬಿಚ್ಚಬೇಕು, ಅಂದ, ಆರು ಅಂತ ನಿನಗೆ ಹೇಗೆ ಗೊತ್ತು ಅನ್ನುತ್ತ ಅಣ್ಣ ಟಾರ್ಚನ್ನು ಇವನ ಕೈಯಿಂದ ತೆಗೆದುಕೊಂಡ, ಹತ್ತಿರ ಹಿಡಿದ, ಹೆಬ್ಬೆರಳಿಂದ ತಗಡನ್ನು ಒರೆಸುತ್ತ ಬಂದು ಮೂಲೆಯಲ್ಲಿ ನಿಲ್ಲಿಸಿದ, ಬೆರಳು ಅಲ್ಲಿಂದ ಏಳಲಿಲ್ಲ, ಇವನ ಕಿವಿಯಲ್ಲಿ ಆಗಿನ ಅಣ್ಣ, ಕಾಗೆಕಾಲು ಕಾಣಲ್ವಾ, ಅದು ಅವನ ಜಾಗ, ಹೆಬ್ಬೆರಳ ಪಕ್ಕ ಮೂರು ಗೀಟು, ಮೂರು ಗೀಟು, ಒಂದು ಉದ್ದ, ಮಡಿಕೆ ದಾಟಿದ್ದು.